ಬಾಣದಕ್ಕ ಒತ್ತದ ಮೂರನೇ ಸಾಲು

ಕಡಲಿನ ನೀರು ದಿನಕ್ಕೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಅಳೆದು ಬಂದರಿಗೆ ತಿಳಿಸುವುದಕ್ಕೆ ಒಂದು ಕಚೇರಿಯಿತ್ತು. ಅದರ ಎರಡನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜಿನಲ್ಲಿ, ಇಪ್ಪತ್ತಾರು ವರ್ಷದಿಂದ ಒಂದೇ ಕುರ್ಚಿ ಸವೆಸುತ್ತಿದ್ದ ಹೆಂಗಸು ಬಾಣದಕ್ಕ. ಕುರ್ಚಿ ಎಷ್ಟು ಸವೆದಿತ್ತೆಂದರೆ, ಆಕೆ ರಜೆ ಹಾಕಿದ ದಿನವೂ ಅದರ ಮೇಲೆ ಆಕೆ ಕೂತ ಹಾಗೇ ಕಾಣುತ್ತಿತ್ತು. ಒಮ್ಮೆ ಸಾಹೇಬರು ಖಾಲಿ ಕುರ್ಚಿಗೇ ಎರಡು ಕೆಲಸ ಹೇಳಿ ಹೋದರಂತೆ. ಸಂಜೆಯೊಳಗೆ ಅದರಲ್ಲಿ ಒಂದು ಆಗಿಯೂ ಇತ್ತಂತೆ.

ಹೆಸರು ಬಂದದ್ದು ಕೀಬೋರ್ಡಿನಿಂದ. ಕೆಳಗೆ ತೋರಿಸುವ ಬಾಣದ ಗುಂಡಿಯನ್ನು ದಿನಾ ಬೆಳಗ್ಗೆ ಒಂದು ಸಲ ಒತ್ತುವುದು ಆಕೆಯ ಉದ್ಯೋಗ. ಉಳಿದ ಕೆಲಸಗಳೆಲ್ಲ ಅದಕ್ಕೆ ಹೊದಿಸಿದ ಬಟ್ಟೆ. ಗಂಡ ದರ್ಜಿ, ಮನೆಯ ಮುಂದಿನ ಕೋಣೆಯಲ್ಲೇ ಅವನ ಮಿಷನ್ನು. ನೆಂಟರು ಬಂದಾಗಲೆಲ್ಲ ಅವನು ಹೇಳುತ್ತಿದ್ದ: "ನಾನು ದಿನಕ್ಕೆ ನಾಲ್ಕು ಅಂಗಿಗೆ ಗುಂಡಿ ಹಾಕ್ತೀನಿ, ನಮ್ಮನೆಯವಳು ಒಂದೇ ಗುಂಡಿ ಒತ್ತಿ ನನಗಿಂತ ಜಾಸ್ತಿ ಸಂಬಳ ತಗೋತಾಳೆ. ಯಾರಾದ್ರೂ ಹೆಣ್ಣುಮಕ್ಕಳಿದ್ರೆ ಬಾಣ ಕಲಿಸಿ, ಸೂಜಿ ಬೇಡ."

ಆದರೆ ಆ ಒಂದು ಗುಂಡಿ ಒತ್ತುವುದು ಎಲ್ಲರ ಕೈಗೂ ಬರುವ ಕೆಲಸವಲ್ಲ. ದಡದಿಂದ ದೋಣಿಯಲ್ಲಿ ಐದು ಗಂಟೆ ದೂರದಲ್ಲಿ ಒಂದು ನಡುಗಡ್ಡೆ. ನಡುಗಡ್ಡೆ ಅನ್ನುವುದೂ ಮರ್ಯಾದೆಗೆ. ಒಂದು ಬಂಡೆ, ಬಂಡೆಯ ಮೇಲೆ ಎರಡು ಕೋಣೆ, ಬಂಡೆಗೆ ಬಿಗಿದು ನೀರಿಗಿಳಿಸಿದ ಒಂದು ಕಬ್ಬಿಣದ ಕೊಳವೆ. ಕೊಳವೆಯೊಳಗೆ ನೀರಳೆಯುವ ಮಾಪಕ. ಕೋಣೆಯೊಳಗೆ ಕಂಪ್ಯೂಟರು. ಆ ಕಂಪ್ಯೂಟರಿನ ಹೊಟ್ಟೆಯಲ್ಲಿ ಎರಡು ಆಪರೇಟಿಂಗ್ ಸಿಸ್ಟಂ ಸಂಸಾರ ಮಾಡುತ್ತಿದ್ದವು, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ವಾರಗಿತ್ತಿಯರ ಹಾಗೆ. ಒಂದು ಹಳೆಯದು, ಒಂದು ಹೊಸದು. ಮಾಪಕದ ಭಾಷೆ ಹಳೆಯದಕ್ಕೆ ಮಾತ್ರ ಗೊತ್ತು, ಏಕೆಂದರೆ ಮಾಪಕ ಮಾಡಿದವರು ಅಂಗಡಿ ಮುಚ್ಚಿ ಎಷ್ಟೋ ಕಾಲವಾಗಿತ್ತು. ದಡದ ಕಚೇರಿಗೆ ಅಂಕಿ ಕಳಿಸುವುದು ಹೊಸದಕ್ಕೆ ಮಾತ್ರ ಗೊತ್ತು. ಒಂದು ಎದ್ದಿದ್ದರೆ ಇನ್ನೊಂದು ಮಲಗಿರಬೇಕು. ಹಾಗಾಗಿ ಯಂತ್ರ ಪ್ರತಿ ಸಲ ಶುರುವಾಗುವಾಗಲೂ ಅಲ್ಲಿನ ಪರದೆಯ ಮೇಲೂ, ತಂತಿ ಹಿಡಿದು ಬಂದು ಬಾಣದಕ್ಕನ ಮೇಜಿನ ಕಪ್ಪು ಪರದೆಯ ಮೇಲೂ ಬಿಳಿ ಇಂಗ್ಲಿಷ್ ಅಕ್ಷರದಲ್ಲಿ ಒಂದು ಪಟ್ಟಿ ಬರುತ್ತಿತ್ತು, ಯಾರನ್ನು ಎಬ್ಬಿಸಲಿ ಎಂದು ಕೇಳುವ ಹಾಗೆ. ಮೂವತ್ತು ಸೆಕೆಂಡು ಕಾಯುತ್ತಿತ್ತು. ಬೆಳಗ್ಗೆ ಏಳಕ್ಕೆ ಮೊದಲನೇ ಸಾಲಿನಲ್ಲೇ ಎಂಟರ್ ಒತ್ತಿದರೆ ಹಳೆಯದು ಎದ್ದು, ಒಂದು ಗಂಟೆ ಮಾಪಕದ ಜೊತೆ ಹರಟಿ, ತಾನೇ ಆರಿ ಮತ್ತೆ ಶುರುವಾಗುತ್ತಿತ್ತು. ಎಂಟಕ್ಕೆ ಮತ್ತೆ ಪಟ್ಟಿ. ಆಗ ಬಾಣ ಒಂದು ಸಲ ಕೆಳಗೆ, ಎರಡನೇ ಸಾಲು, ಎಂಟರ್. ಹೊಸದು ಎದ್ದು ಅಂಕಿ ಕಳಿಸುತ್ತಿತ್ತು. ಬಂದರಿನ ಹೊರಗೆ ಕಾಯುವ ಹಡಗುಗಳು ಆ ಅಂಕಿ ನೋಡಿಕೊಂಡೇ ಒಳಗೆ ಬರುತ್ತಿದ್ದವು. ಯಂತ್ರದ ಪಕ್ಕದಲ್ಲೇ ಇಪ್ಪತ್ತನಾಲ್ಕು ಗಂಟೆ ಕೂತಿರುವ ಕಾವಲಿನವನಿಗೆ ಆ ಗುಂಡಿ ಒತ್ತುವ ಅಧಿಕಾರವಿರಲಿಲ್ಲ. ಐದು ಗಂಟೆ ದೂರದಲ್ಲಿರುವವಳಿಗಿತ್ತು. ಇಲಾಖೆಗಳು ಹಾಗೇ. ಊಟ ಮಾಡುವವನಿಗೆ ಬಾಯಿ ತೆರೆಯಲು ಅಧಿಕಾರ ಕೊಟ್ಟದ್ದೇ ಅವರ ದೊಡ್ಡ ಮನಸ್ಸು.

ಆ ಕಾವಲಿನವನು ಬಾಣದಕ್ಕನ ಒಡಹುಟ್ಟಿದ ತಮ್ಮ.

ಹಠದಲ್ಲಿ ಅವನನ್ನು ಮೀರಿಸುವವರು ಹುಟ್ಟಿರಲಿಲ್ಲ. ಏಳನೇ ವಯಸ್ಸಿನಲ್ಲಿ ಒಂದು ಸಂಜೆ ಹಾಲು ಬೇಡ ಎಂದವನು ಮತ್ತೆ ಸಾಯುವ ತನಕ ಹಾಲು ಮುಟ್ಟಲಿಲ್ಲ. ಅವನು ಬೇಡ ಎಂದ ಮೇಲೆ ಆ ಬೀದಿಯ ಹಸುವೇ ಮುಖ ಸಣ್ಣದು ಮಾಡಿಕೊಂಡು ಅರ್ಧಕ್ಕರ್ಧ ಹಾಲು ಕಡಿಮೆ ಮಾಡಿತ್ತು ಎಂದು ಅವರಮ್ಮ ಹೇಳುತ್ತಿದ್ದಳು. ಅಮ್ಮನಿಗೆ ಗಂಟಲು ಸಣ್ಣದು, ಕೂಗಿ ಕರೆಯಲು ಆಗುತ್ತಿರಲಿಲ್ಲ. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳನ್ನು ಊಟಕ್ಕೆ ಕರೆಯಲು ಬಾಗಿಲಲ್ಲಿ ನಿಂತು ತಟ್ಟೆಗೆ ಚಮಚ ಬಡಿಯುತ್ತಿದ್ದಳು. ಒಂದು ಬಡಿತ ಅಂದರೆ ಅಕ್ಕ ಬರಬೇಕು. ಎರಡು ಅಂದರೆ ತಮ್ಮ. ಆ ತಟ್ಟೆಯ ಸದ್ದಿಗೆ ಹಿಂದಿನ ಬೀದಿಯ ಕಿವುಡಜ್ಜನೂ ಎದ್ದು ಕೈ ತೊಳೆದುಕೊಳ್ಳುತ್ತಿದ್ದ. ತಮ್ಮ ಮುನಿಸಿಕೊಂಡು ಯಾರದೋ ಮನೆಯ ಮೆಟ್ಟಿಲ ಕೆಳಗೆ ಅಡಗಿ ಕೂತರೆ ಅಪ್ಪ ಬೈದರೂ ಬಾರ, ಅಕ್ಕ ಗೋಗರೆದರೂ ಬಾರ. ಟಣ್ ಟಣ್ ಎಂದು ಎರಡು ಬಡಿತ ಕೇಳಿದರೆ ಮಾತ್ರ ಎದ್ದು ಬರುತ್ತಿದ್ದ. ತಟ್ಟೆಯ ಮುಂದೆ ಕೂರುವ ಮುಂಚೆ, "ನಾನಾಗಿ ಬಂದಿಲ್ಲ, ಕರೆದಿದ್ದಕ್ಕೆ ಬಂದೆ" ಎಂದು ಹೇಳಿಯೇ ಕೂರುತ್ತಿದ್ದ.

ಇಬ್ಬರೂ ಒಂದೇ ಇಲಾಖೆ ಸೇರಿದ ಮೇಲೆ ಮೊದಲ ಹದಿನೈದು ವರ್ಷ ಚೆನ್ನಾಗಿತ್ತು. ಎಂಟು ಗಂಟೆಯ ಪಟ್ಟಿ ಮುಗಿದು ಅಂಕಿ ಬಂದ ತಕ್ಷಣ ಬಾಣದಕ್ಕನ ಮೇಜಿನ ಫೋನು ಹೊಡೆದುಕೊಳ್ಳುತ್ತಿತ್ತು.

"ಅಕ್ಕಾ, ಇವತ್ತು ಕಡಲು ಎಷ್ಟಿದೆ ಹೇಳು."

"ಅಂಕಿ ಬಂತಲ್ಲೋ, ನೋಡಿದೆ."

"ಅದಕ್ಕಿಂತ ಒಂದು ಚೊಂಬು ಕಡಿಮೆ ಬರ್ಕೋ. ಈಗಷ್ಟೇ ಮುಖ ತೊಳ್ಕೊಂಡೆ."

"ನೀನು ಮುಖ ತೊಳೆದ ನೀರು ವಾಪಸ್ ಕಡಲಿಗೇ ತಾನೆ ಹೋಗೋದು? ಲೆಕ್ಕ ಸರಿಯಾಯ್ತು. ಇಡು ಫೋನು, ಸಾಹೇಬ್ರು ಬಂದ್ರು."

ಆ ಕಾಲದಲ್ಲಿ ಪಟ್ಟಿಯಲ್ಲಿ ಮೂರು ಸಾಲಿದ್ದವು. ಮೂರನೆಯದು ದುರಸ್ತಿಯ ಸಿಸ್ಟಂ. ಅದನ್ನು ಎಬ್ಬಿಸಿದರೆ ದಡದ ಮಾತು ಅದರ ಕಿವಿಗೆ ಬೀಳುವುದಿಲ್ಲ. ಡಿಸ್ಕನ್ನು ಮೂಲೆಯಿಂದ ಮೂಲೆಗೆ ಸೋಸಲು ಶುರು ಮಾಡುತ್ತದೆ. ನಡುವೆ ನಿಲ್ಲಿಸಿದರೆ ಹಳೆಯದೂ ಹೋಯಿತು, ಹೊಸದೂ ಹೋಯಿತು. ಹದಿನೈದು ವರ್ಷದಲ್ಲಿ ಯಾರೂ ಅದನ್ನು ಎಬ್ಬಿಸಿರಲಿಲ್ಲ.

ಅಮ್ಮ ಆಸ್ಪತ್ರೆ ಸೇರಿದ್ದು ಒಂದು ಭಾನುವಾರ, ಎದೆಯಲ್ಲಿ ನೀರು ತುಂಬಿಕೊಂಡು. ಮಂಗಳವಾರ ಡಾಕ್ಟರು, "ಬರೋರಿದ್ರೆ ಬರ್ಲಿ" ಎಂದರು. ಬಾಣದಕ್ಕ ನಡುಗಡ್ಡೆಗೆ ಫೋನು ಮಾಡಿದಳು. ದೋಣಿ ಹೋಗುತ್ತಿದ್ದದ್ದು ವಾರಕ್ಕೆ ಎರಡೇ ಸಲ, ಬುಧವಾರ ಮತ್ತು ಶನಿವಾರ.

"ನಾಳೆ ಮಧ್ಯಾಹ್ನದ ದೋಣಿ ಹತ್ತುತೀನಿ," ಎಂದ ತಮ್ಮ. "ಅಲ್ಲೀವರೆಗೂ ಇರೋಕೆ ಹೇಳು ಅಮ್ಮಂಗೆ. ನಾನು ಹೇಳಿದೆ ಅಂತ ಹೇಳು."

ಬುಧವಾರ ಬೆಳಗ್ಗೆ ಬಾಣದಕ್ಕ ಆಸ್ಪತ್ರೆಯ ಬೆಂಚಿನಿಂದ ನೇರವಾಗಿ ಕಚೇರಿಗೆ ಬಂದಳು. ಮೂರು ದಿನದಿಂದ ಕಣ್ಣು ಮುಚ್ಚಿರಲಿಲ್ಲ. ಏಳಕ್ಕೆ ಹಳೆಯದನ್ನು ಎಬ್ಬಿಸಿದಳು. ಎಂಟಕ್ಕೆ ಪಟ್ಟಿ ಬಂತು. ಬಾಣ ಒತ್ತಿದಳು. ಒತ್ತಿದೆನೋ ಇಲ್ಲವೋ ಎಂದು ಅನುಮಾನ ಬಂದು ಇನ್ನೊಮ್ಮೆ ಒತ್ತಿದಳು. ಎಂಟರ್. ಬಿಳಿ ಪಟ್ಟೆ ಮೂರನೇ ಸಾಲಿನ ಮೇಲೆ ಕೂತದ್ದು ಕಣ್ಣಿಗೆ ಕಂಡ ಹೊತ್ತಿಗೆ ಪರದೆ ಕಪ್ಪಾಗಿತ್ತು.

ಯಂತ್ರ ನಿಂತಿರುವಾಗ ಕಾವಲಿನವನು ಬಂಡೆ ಬಿಟ್ಟು ಕದಲುವ ಹಾಗಿಲ್ಲ. ಹೊರಗೆ ಎರಡು ಹಡಗು ಅಂಕಿಗಾಗಿ ಕಾಯುತ್ತಿದ್ದವು. ಪ್ರತಿ ಗಂಟೆಗೊಮ್ಮೆ ತಮ್ಮ ಕೊಳವೆಗೆ ಬಗ್ಗಿ ಅಳತೆಕೋಲಿನಲ್ಲಿ ನೀರು ನೋಡಿ ರೇಡಿಯೋದಲ್ಲಿ ಕೂಗಿ ಹೇಳಬೇಕಾಯಿತು. ದೋಣಿ ಬಂತು, ಅರ್ಧ ಗಂಟೆ ಕಾಯಿತು, ಹೋಯಿತು. ಡಿಸ್ಕು ಸೋಸಿ ಮುಗಿದದ್ದು ಗುರುವಾರ ಸಂಜೆ. ಅದೇ ಗುರುವಾರ ಸಂಜೆ ಅಮ್ಮನಿಗೆ ಮಾತು ನಿಂತಿತ್ತು. ಕೈಯನ್ನು ಮಂಚದ ಕಬ್ಬಿಣದ ಸರಳಿನ ಹತ್ತಿರ ತಂದು, ಉಂಗುರದಿಂದ ಎರಡು ಸಲ ತಟ್ಟಿದಳು. ಬಾಗಿಲ ಕಡೆ ನೋಡಿದಳು. ಶುಕ್ರವಾರ ಬೆಳಕು ಹರಿಯುವಾಗ ಹೋದಳು.

ಶನಿವಾರ ತಮ್ಮ ಬಂದಾಗ ಮನೆಯಲ್ಲಿ ಎಲ್ಲ ಮುಗಿದು ನೆಲ ತೊಳೆದಿತ್ತು. ಅವನು ಚೀಲ ಕೆಳಗಿಡದೆ ಹೊಸ್ತಿಲಲ್ಲೇ ನಿಂತ.

"ನಿನ್ನ ಕರೆದ್ಲು ಕಣೋ," ಎಂದಳು ಬಾಣದಕ್ಕ. "ಎರಡು ಸಲ ಬಡಿದ್ಲು."

ಅವನು ಚೀಲವನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡ. ಆಮೇಲೆ ಕೇಳಿದ: "ನೀನೆಷ್ಟು ಸಲ ಒತ್ತಿದೆ?"

"ಎರಡು."

ಚೀಲ ಒಳಗಿಟ್ಟ. ಬುಧವಾರದ ತನಕ ಅದೇ ಮನೆಯಲ್ಲಿ ಉಂಡ, ಮಲಗಿದ, ಭಾವನ ಜೊತೆ ಎರಡು ಮಾತಾಡಿದ. ಅಕ್ಕನ ಜೊತೆ ಆಡಲಿಲ್ಲ. ಬುಧವಾರ ದೋಣಿ ಹತ್ತಿ ಹೋದ.

ಇಲಾಖೆಯವರು ವಿಚಾರಣೆ ನಡೆಸಿ, ನಾಲ್ಕು ತಿಂಗಳು ತಲೆ ಕೆಡಿಸಿಕೊಂಡು, ಮೂರನೇ ಸಾಲನ್ನು ಪಟ್ಟಿಯಿಂದ ತೆಗೆದುಹಾಕಲು ಕಾವಲಿನವನಿಗೇ ಬರೆದರು. ಅವನು ತೆಗೆದ. ಎರಡು ವಾರ ಪಟ್ಟಿಯಲ್ಲಿ ಎರಡೇ ಸಾಲಿದ್ದವು. ಆಮೇಲೆ ಒಂದು ದಿನ ಬೆಳಗ್ಗೆ ಅದೇ ಮೂರನೇ ಜಾಗದಲ್ಲಿ ಹೊಸ ಸಾಲೊಂದು ಬಂದು ಕೂತಿತ್ತು. ಅದರಲ್ಲಿ ಒಂದಕ್ಷರವಿಲ್ಲ. ಬರೀ ಪ್ರಶ್ನೆ ಚಿಹ್ನೆ. ಒಂದಷ್ಟು ಪ್ರಶ್ನೆ ಚಿಹ್ನೆ, ಒಂದು ಅಲ್ಪವಿರಾಮ, ಮತ್ತಷ್ಟು ಪ್ರಶ್ನೆ ಚಿಹ್ನೆ, ಒಂದು ಚುಕ್ಕಿ, ಮತ್ತೆ ಪ್ರಶ್ನೆ ಚಿಹ್ನೆ, ಮತ್ತೊಂದು ಚುಕ್ಕಿ.

ಬಾಣದಕ್ಕನಿಗೆ ಓದಲು ಯಾರ ಸಹಾಯವೂ ಬೇಕಾಗಲಿಲ್ಲ. ಯಾಕೆ ಒತ್ತಿದೆ? ಯಾಕೆ ನೋಡಲಿಲ್ಲ? ಯಾಕೆ? ಯಾಕೆ? ಕೇಳುತ್ತಾ ಕೇಳುತ್ತಾ ನಡುವೆ ಒಂದು ಅಲ್ಪವಿರಾಮ ಹಾಕಿ ಉಸಿರು ತೆಗೆದುಕೊಂಡಿದ್ದ. ಅವಳು ತಪ್ಪು ಮಾಡಿದ ಜಾಗಕ್ಕೇ ತಂದು ನೆಟ್ಟಿದ್ದ, ದಿನಾ ಎರಡು ಸಲ ಕಣ್ಣಿಗೆ ಬೀಳುವ ಹಾಗೆ. ಆ ದಿನ ಒಂದು ಸಲ ಬಾಣ ಒತ್ತಿ, ಕೈಯನ್ನು ಮೇಜಿನಿಂದ ತೆಗೆದು ಸೆರಗಿನಲ್ಲಿ ಸುತ್ತಿಕೊಂಡು, ಎಡಗೈಯಲ್ಲಿ ಎಂಟರ್ ಒತ್ತಿದಳು. ಅಲ್ಲಿಂದಾಚೆ ಹನ್ನೊಂದು ವರ್ಷ ಹಾಗೇ. ಬಲಗೈ ಬಾಣಕ್ಕೆ, ಎಡಗೈ ಎಂಟರಿಗೆ. ನೋಡಿದವರು ಇದೇನೋ ಶಾಸ್ತ್ರವಿರಬೇಕು ಅಂದುಕೊಂಡು ಹೊಸದಾಗಿ ಕೆಲಸಕ್ಕೆ ಬಂದವರಿಗೂ ಹಾಗೇ ಕಲಿಸುತ್ತಿದ್ದರು. ಪಕ್ಕದ ವಿಭಾಗದ ಒಬ್ಬರು ಮನೆಯ ಕರೆಗಂಟೆಯನ್ನೂ ಎರಡು ಕೈಯಲ್ಲಿ ಒತ್ತುವ ಮಟ್ಟಕ್ಕೆ ಬಂದಿದ್ದರು.

"ಫೋನ್ ಮಾಡಿ ಕೇಳಬಾರ್ದಾ, ಏನಪ್ಪ ಅದು ಅಂತ?" ಎಂದ ಒಂದು ದಿನ ದರ್ಜಿ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು.

"ಏನಂತ ಕೇಳೋದು ರೀ? ನನ್ನನ್ನ ಯಾಕೆ ಬೈತಿದ್ದೀಯಾ ಅಂತಾನಾ? ಯಾಕೆ ಅಂತ ನಂಗೆ ಗೊತ್ತಿಲ್ವಾ?"

"ಬೈಗುಳಾನಾದ್ರೂ ನೇರ ಕೇಳಿಸ್ಕೋ. ಅಳತೆ ತಗೊಳ್ದೆ ನಾನು ಅಂಗಿ ಹೊಲೀತೀನಾ?"

"ನೀವು ಹೊಲಿದ ಅಂಗಿ ನೋಡಿದ್ರೆ ಹಾಗೇ ಅನ್ಸುತ್ತೆ," ಎಂದಳು ಬಾಣದಕ್ಕ.

ಎರಡನೇ ವರ್ಷ ಒಮ್ಮೆ ತಮ್ಮನನ್ನು ನೋಡಲು ಹೊರಟಳು. ಬುಧವಾರ ರಜೆ ಹಾಕಿ, ಚೀಲದಲ್ಲಿ ಎರಡು ಜೊತೆ ಉಣ್ಣೆಯ ಕಾಲುಚೀಲ ಇಟ್ಟುಕೊಂಡು, ದೋಣಿ ನಿಲ್ಲುವ ದಕ್ಕೆಗೆ ಹೋಗಿ ಕೂತಳು. ದೋಣಿ ಬಂತು. ಆ ದೋಣಿಯ ವೇಗದ ಬಗ್ಗೆ ಹೇಳುವುದಾದರೆ, ಮೀನುಗಳು ಅದನ್ನು ದಾಟಿ ಹೋಗಿ, ಮೊಟ್ಟೆಯಿಟ್ಟು, ಮರಿಗಳಿಗೆ ತೋರಿಸಲು ವಾಪಸ್ ಬರುತ್ತಿದ್ದವು. ದೋಣಿಯವನು ಕೈ ಚಾಚಿದ. ಬಾಣದಕ್ಕ ಎದ್ದು, ಚೀಲವನ್ನು ಅವನ ಕೈಗೆ ಕೊಟ್ಟು, "ಇದನ್ನ ಕೊಟ್ಬಿಡಪ್ಪ" ಎಂದು ತಿರುಗಿ ಮನೆಗೆ ಬಂದಳು. ಎದುರಿಗೆ ನಿಂತು ಅವನು ಅದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳಿದರೆ ಏನು ಹೇಳುವುದು ಎಂದು ಕೂತಷ್ಟು ಹೊತ್ತೂ ಯೋಚಿಸಿದ್ದಳು.

ಆಮೇಲೆ ಪ್ರತಿ ವರ್ಷ ಕಾಲುಚೀಲ ಹೋಗುತ್ತಿತ್ತು. "ಹಾಕ್ಕೋತಾನಾ?" ಎಂದು ದೋಣಿಯವನನ್ನು ಕೇಳುತ್ತಿದ್ದಳು.

"ಹಾಕ್ಕೋತಾರೆ ಅಕ್ಕಾವ್ರೇ. ಯಾರು ಕೊಟ್ಟಿದ್ದು ಅಂತ ಮಾತ್ರ ಕೇಳಲ್ಲ. ನಾನೂ ಹೇಳಲ್ಲ." ಒಂದು ಸಲ ದೋಣಿಯವನೇ ಇನ್ನೊಂದು ವಿಷಯ ಹೇಳಿದ. ಗಾಳಿ ಜಾಸ್ತಿಯಾಗಿ ಅವನು ನಡುಗಡ್ಡೆಯಲ್ಲೇ ಉಳಿದ ದಿನದ ಸಂಗತಿ. "ನಿಮ್ಮ ತಮ್ಮ ಒಂಥರಾ ಮನುಷ್ಯ. ಬೆಳಗ್ಗೆ ಎಂಟು ಗಂಟೆಗೆ ಲೋಟ ಹಿಡ್ಕೊಂಡು ಆ ಮಿಷನ್ ಮುಂದೆ ಕೂತ್ಕೋತಾರೆ. ನಾನೇನೋ ಮಾತಾಡೋಕೆ ಹೋದೆ. ಅರ್ಧ ನಿಮಿಷ ಬಾಯಿ ಮುಚ್ಚು ಅಂದ್ರು. ಅರ್ಧ ನಿಮಿಷ ಆದ್ಮೇಲೆ ಹಾಂ, ಈಗ ಹೇಳು ಅಂದ್ರು. ದಿನಾ ಹಾಗೇನಂತೆ."

"ನಾನು ತಪ್ಪು ಒತ್ತುತೀನೋ ಏನೋ ಅಂತ ಕಾವಲು ಕಾಯ್ತಾನೆ," ಎಂದಳು ಬಾಣದಕ್ಕ.

ಅಕ್ಕತಮ್ಮಂದಿರ ನಡುವೆ ಉಳಿದದ್ದು ಇಲಾಖೆಯ ಮಾತು ಮಾತ್ರ. ಅಂಕಿಯ ಕೆಳಗೆ ದಿನಾ ಒಂದು ಸಾಲು ಬರುತ್ತಿತ್ತು, ಇಂಗ್ಲಿಷಿನಲ್ಲಿ, ಮಾಪಕ ತೊಳೆದಿದೆ ಎಂದು. ಸರಿ ಎಂದು ಇವಳು ಕಳಿಸುತ್ತಿದ್ದಳು. ಹೆಚ್ಚುಕಡಿಮೆ ಮೂರೂವರೆ ಸಾವಿರ ಸಲ ಅವನು ತೊಳೆದಿದೆ ಎಂದ, ಮೂರೂವರೆ ಸಾವಿರ ಸಲ ಇವಳು ಸರಿ ಎಂದಳು. ಜಗತ್ತಿನಲ್ಲಿ ಅಷ್ಟು ತೊಳೆಸಿಕೊಂಡ ವಸ್ತು ಬೇರೊಂದು ಇರಲಾರದು.

ಈ ವರ್ಷ ಮಳೆಗಾಲ ಮುಗಿದ ಮೇಲೆ ಒಂದು ಸೋಮವಾರ ಅಂಕಿಯ ಕೆಳಗೆ ಸಾಲು ಬರಲಿಲ್ಲ. ಮಂಗಳವಾರವೂ ಬರಲಿಲ್ಲ. ಬಾಣದಕ್ಕ ಹನ್ನೊಂದು ವರ್ಷದಲ್ಲಿ ಮೊದಲ ಸಲ ನಡುಗಡ್ಡೆಗೆ ಫೋನು ಮಾಡಿದಳು. ಹೊಡೆದುಕೊಂಡೇ ಇತ್ತು. ಬುಧವಾರ ದೋಣಿಯವನು ಹೋಗಿ ನೋಡಿದಾಗ ಜ್ವರದಲ್ಲಿ ಮಲಗಿದ್ದನಂತೆ, ಕಾಲುಚೀಲ ಹಾಕಿಕೊಂಡು. ದೋಣಿಗೆ ಎತ್ತಿ ಹಾಕಿ ಹೊರಟ. ದೋಣಿಯ ವೇಗದ ಬಗ್ಗೆ ಮೇಲೆ ಹೇಳಿದ್ದು ತಮಾಷೆಗೆ. ಅವತ್ತು ಅವನು ಇಂಜಿನ್ನು ಸುಡುವ ಹಾಗೆ ಓಡಿಸಿ ಒಂದು ಗಂಟೆ ಮುಂಚೆಯೇ ದಡ ಮುಟ್ಟಿದ್ದ. ಆದರೂ ದಕ್ಕೆಯಲ್ಲಿ ನಿಂತಿದ್ದ ಬಾಣದಕ್ಕನಿಗೆ ಸಿಕ್ಕಿದ್ದು ಮುಖ ಮಾತ್ರ. ಜೀವ ದಾರಿಯಲ್ಲೇ ಹೋಗಿತ್ತು.

ನಡುಗಡ್ಡೆಗೆ ಇನ್ನು ಕಾವಲಿನವನು ಬೇಡ ಎಂದು ಇಲಾಖೆ ಮೊದಲೇ ತೀರ್ಮಾನಿಸಿತ್ತು. ಹೊಸ ಮಾಪಕ ಬಂದಿತ್ತು. ಅದಕ್ಕೆ ಪಟ್ಟಿಯೂ ಇಲ್ಲ, ಬಾಣವೂ ಇಲ್ಲ. ಹದಿನೈದು ದಿನ ಕಳೆದ ಮೇಲೆ, ಹಳೇ ಯಂತ್ರವನ್ನು ಶನಿವಾರದ ದೋಣಿಯಲ್ಲಿ ವಾಪಸ್ ತರಬೇಕೆಂದಾಯಿತು. ಅದಕ್ಕೆ ಮುಂಚೆ ಅದರಲ್ಲಿ ಏನೇನಿದೆ ಎಂದು ಪಟ್ಟಿ ಮಾಡಿಕೊಳ್ಳಲು ಗುರುವಾರ ಸ್ಟೋರಿನವರು ಬಾಣದಕ್ಕನ ಮೇಜಿಗೆ ಬಂದರು. ಸ್ಟೋರಿನವರು ಅಂದರೆ ಒಂದು ಸ್ಕ್ರೂ ಕಳೆದರೆ ಕಟ್ಟಡವನ್ನೇ ಅಲ್ಲಾಡಿಸಿ ನೋಡುವ ಮನುಷ್ಯ. ತಮ್ಮ ಕನ್ನಡಕಕ್ಕೇ ನಂಬರು ಹಚ್ಚಿದ್ದರು.

"ಅಕ್ಕ, ಮೊದಲನೇ ಸಾಲು?"

"ಹಳೇದು."

"ಎರಡನೇದು?"

"ಹೊಸದು."

"ಮೂರನೇದು?"

"ಗೊತ್ತಿಲ್ಲ."

"ಗೊತ್ತಿಲ್ಲ ಅನ್ನೋ ಐಟಂ ನನ್ನ ರಿಜಿಸ್ಟರಲ್ಲಿ ಇಲ್ಲ," ಎಂದರು ಸ್ಟೋರಿನವರು. "ಒಂದೋ ಇದೆ, ಇಲ್ಲಾ ಇಲ್ಲ."

"ಅದು ನನ್ನ ತಮ್ಮ ಬರೆದದ್ದು. ಬಿಟ್ಬಿಡಿ ಸಾರ್."

"ಬರೆದದ್ದು ಅಂದ್ಮೇಲೆ ಫೈಲ್ ಇರ್ಬೇಕಲ್ಲ. ಇಲ್ಲಿಂದ ತರಿಸೋಕಾಗಲ್ವಾ?"

ಆಗುತ್ತಿತ್ತು. ಹನ್ನೊಂದು ವರ್ಷದಿಂದಲೂ ಆಗುತ್ತಿತ್ತು. ಹೊಸದು ಎದ್ದಿರುವಾಗ ಪಟ್ಟಿಯ ಫೈಲನ್ನು ಈಚೆಗೆ ತರಿಸಿಕೊಳ್ಳಲು ಎರಡು ನಿಮಿಷ ಸಾಕು. ಬೈಗುಳ ಇದೆ ಎಂದು ಗೊತ್ತಿರುವ ಕಾಗದವನ್ನು ಒಡೆಯಲು ಎರಡು ನಿಮಿಷ ಸಾಲುವುದಿಲ್ಲ, ಅಷ್ಟೇ. ಬಾಣದಕ್ಕ ಫೈಲು ತರಿಸಿ, ತಾನು ನೋಡದೆ, ಸ್ಟೋರಿನವರ ಕಂಪ್ಯೂಟರಿಗೆ ಕಳಿಸಿದಳು. ಅವರು ಪಕ್ಕದ ಮೇಜಿಗೆ ಹೋಗಿ ತೆರೆದರು. ಇವಳು ಕಿಟಕಿಯ ಕಡೆ ಮುಖ ಮಾಡಿ ಕೂತಳು.

"ಅಕ್ಕಾ, ಎರಡು ಸಲ ಒತ್ತು. ಏನೂ ಕೆಡಲ್ಲ," ಎಂದರು ಸ್ಟೋರಿನವರು, ಸಾಮಾನು ಎಣಿಸುವ ದನಿಯಲ್ಲಿ.

"ಏನು ಒತ್ತಬೇಕು ಸಾರ್?"

"ನಾನು ಹೇಳ್ತಿಲ್ಲ ಅಕ್ಕ. ಇಲ್ಲಿ ಬರ್ದಿದೆ. ಮೂರನೇ ಸಾಲು ಇದೇನೇ."

ಬಾಣದಕ್ಕ ಎದ್ದು ಬಂದಳು. ಸ್ಟೋರಿನವರ ಪರದೆಗೆ ಮನೆಮಾತಿನ ಅಕ್ಷರ ಗೊತ್ತಿತ್ತು. ಅವಳ ಮೇಜಿನ ಕಪ್ಪು ಪರದೆಗೆ ಇಂಗ್ಲಿಷ್ ಬಿಟ್ಟರೆ ಬೇರೆ ಗೊತ್ತಿರಲಿಲ್ಲ. ಗೊತ್ತಿಲ್ಲದ ಅಕ್ಷರಕ್ಕೆಲ್ಲ ಅದು ಪ್ರಶ್ನೆ ಚಿಹ್ನೆ ಹಾಕಿ ಕೈ ತೊಳೆದುಕೊಂಡಿತ್ತು. ಅಲ್ಪವಿರಾಮ ಅದಕ್ಕೆ ಗೊತ್ತಿತ್ತು, ಇಟ್ಟಿತ್ತು. ಅದು 'ಅಕ್ಕಾ' ಎಂದು ಕರೆದ ಮೇಲಿನ ಅಲ್ಪವಿರಾಮ.

ಸಾಲಿನ ಕೆಳಗೆ, ಯಂತ್ರ ಲೆಕ್ಕಕ್ಕೆ ತೆಗೆದುಕೊಳ್ಳದ ಟಿಪ್ಪಣಿ ಬರೆಯುವ ಕಡೆ, ಇನ್ನಷ್ಟಿತ್ತು. ಬರೆದ ದಿನ ಅಮ್ಮ ಹೋದ ನಾಲ್ಕೂವರೆ ತಿಂಗಳಿಗೆ. 'ಇದನ್ನು ಆಯ್ದುಕೊಂಡರೆ ಶುರುವಾಗೋದು ಹೊಸದೇ. ಅದಕ್ಕೆ ಮುಂಚೆ ಇಲ್ಲಿ ನನ್ನ ಕೋಣೆಯಲ್ಲಿ ಎರಡು ಸಲ ಸದ್ದು ಮಾಡುತ್ತೆ. ನಾನಾಗಿ ಮಾತಾಡೋಕೆ ನನ್ನ ಕೈಲಿ ಆಗ್ತಿಲ್ಲ. ಕರೆದರೆ ಆಗುತ್ತೆ. ಸದ್ದು ಬಂದ ದಿನ ನಾನೇ ಫೋನ್ ಮಾಡ್ತೀನಿ.'

ಸ್ಟೋರಿನವರು ಕನ್ನಡಕ ತೆಗೆದು ಒರೆಸಿದರು. ರಿಜಿಸ್ಟರು ಮುಚ್ಚಿದರು. "ಈ ಐಟಂ ನಾನು ಬರ್ಕೊಳ್ಳಲ್ಲ ಅಕ್ಕ," ಎಂದು ಹೇಳಿ ಎದ್ದು ಹೋದರು. ಇಪ್ಪತ್ತು ವರ್ಷದಲ್ಲಿ ಅವರು ಬರೆದುಕೊಳ್ಳದೆ ಬಿಟ್ಟ ವಸ್ತು ಅದೊಂದೇ.

ಬಾಣದಕ್ಕ ಆ ಕುರ್ಚಿಯಲ್ಲೇ ಕೂತಳು. ನಡುಗಡ್ಡೆಯ ಪರದೆ ಇವಳ ಪರದೆಯಷ್ಟು ಹಳೆಯದಲ್ಲ. ಅಲ್ಲಿ ಆ ಸಾಲು ಸರಿಯಾಗಿಯೇ ಕಂಡಿರಬೇಕು. ಅಂದರೆ ದಿನಾ ಎಂಟು ಗಂಟೆಗೆ ಅವನು ಲೋಟ ಹಿಡಿದು ಕೂತು, ತಾನು ಬರೆದದ್ದನ್ನು ಅಕ್ಕನೂ ಓದುತ್ತಿದ್ದಾಳೆ ಎಂದುಕೊಂಡೇ ನೋಡುತ್ತಿದ್ದ. ಬಿಳಿ ಪಟ್ಟೆ ಮೊದಲನೇ ಸಾಲಿನಿಂದ ಎರಡನೆಯದಕ್ಕೆ ಇಳಿಯುತ್ತಿತ್ತು. ಇನ್ನೊಂದು ಸಲ ಇಳಿದರೆ ಆಯಿತು. ಅಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿತ್ತು, ಏಕೆಂದರೆ ಇಲ್ಲಿ ಇವಳು ಬಲಗೈಯನ್ನು ಸೆರಗಿನಲ್ಲಿ ಸುತ್ತಿಕೊಳ್ಳುತ್ತಿದ್ದಳು. ಆ ನಿಂತ ಹೊತ್ತಿನಲ್ಲಿ ಅವನು ಉಸಿರು ಹಿಡಿದಿರಬೇಕು. ಆಮೇಲೆ ಎಂಟರ್. ಹಾಂ, ಈಗ ಹೇಳು. ಭಾನುವಾರ, ರಜೆ ಎಲ್ಲ ಕಳೆದರೂ ಅಂಥ ಬೆಳಗುಗಳು ಮೂರು ಸಾವಿರಕ್ಕೆ ಮೇಲೆ. ಈ ಮಾತಿನಲ್ಲಿ ಮಾತ್ರ ಉಪ್ಪುಖಾರ ಹಚ್ಚಿದ್ದು ಏನೂ ಇಲ್ಲ.

ಮನೆಗೆ ಹೋಗಿ ಗಂಡನಿಗೆ ಹೇಳಿದಳು. ದರ್ಜಿ ಮಿಷನ್ನಿನ ಚಕ್ರ ಹಿಡಿದು ನಿಲ್ಲಿಸಿದ. ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ.

"ಮೂರನೇ ಜಾಗದಲ್ಲೇ ಯಾಕೆ ಇಟ್ಟ ರೀ ಅವನು?" ಎಂದಳು ಬಾಣದಕ್ಕ. "ನಾನು ಅಲ್ಲಿಗೆ ಕೈ ಹಾಕಲ್ಲ ಅಂತ ಅವನಿಗೆ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು," ಎಂದ ದರ್ಜಿ. "ಅದಕ್ಕೇ ಏನೂ ಕೆಡಲ್ಲ ಅಂತ ಬರ್ದಿದ್ದು."

ಶನಿವಾರ ಬೆಳಗ್ಗೆ ಬಾಣದಕ್ಕ ಎಂದಿನಂತೆ ಏಳಕ್ಕೆ ಹಳೆಯದನ್ನು ಎಬ್ಬಿಸಿದಳು. ಯಂತ್ರ ಬಿಚ್ಚಲು ದೋಣಿಯವನು ಹಿಂದಿನ ದಿನವೇ ಹೋಗಿ ಬಂಡೆಯ ಮೇಲೆ ಉಳಿದಿದ್ದ. ಎಂಟಕ್ಕೆ ಐದು ನಿಮಿಷವಿರುವಾಗ ಅವನಿಗೆ ಫೋನು ಮಾಡಿದಳು.

"ಮಿಷನ್ ಇರೋ ಕೋಣೇಲಿ ಇದ್ದೀಯಾ?"

"ಇದ್ದೀನಿ ಅಕ್ಕಾವ್ರೇ. ಬಿಚ್ಚೋಕೆ ಶುರು ಮಾಡ್ಲಾ?"

"ಬೇಡ. ಅಲ್ಲೇ ಕುರ್ಚಿ ಇದ್ರೆ ಕೂತ್ಕೋ."

"ನಿಮ್ಮ ತಮ್ಮಂದು ಇದೆ." ಕುರ್ಚಿ ಎಳೆದ ಸದ್ದಾಯಿತು. "ಕೂತೆ."

"ಇನ್ನು ಅರ್ಧ ನಿಮಿಷ ಮಾತಾಡ್ಬೇಡ."

ಪಟ್ಟಿ ಬಂತು. ಹಳೆಯದು, ಹೊಸದು, ಅದರ ಕೆಳಗೆ ಪ್ರಶ್ನೆ ಚಿಹ್ನೆಗಳು. ಈಗಲೂ ಅವು ಪ್ರಶ್ನೆ ಚಿಹ್ನೆಗಳೇ. ಆ ಪರದೆಗೆ ಯಾರೂ ಏನೂ ಕಲಿಸಿರಲಿಲ್ಲ. ಬಾಣದಕ್ಕ ಒಂದು ಸಲ ಒತ್ತಿದಳು. ಪಟ್ಟೆ ಎರಡನೇ ಸಾಲಿಗೆ ಬಂತು. ಕೈ ಅಭ್ಯಾಸಬಲದಿಂದ ಸೆರಗಿನ ಕಡೆ ಹೊರಟಿತು. ವಾಪಸ್ ತಂದಳು. ಇನ್ನೊಂದು ಸಲ ಒತ್ತಿದಳು. ಎಂಟರನ್ನೂ ಬಲಗೈಯಲ್ಲೇ ಒತ್ತಿದಳು.

ಫೋನಿನಲ್ಲಿ ಕಡಲಿನ ಗಾಳಿ ಕೇಳಿಸುತ್ತಿತ್ತು. ಅದರ ನಡುವೆ, ಸಣ್ಣಗೆ, ಕಬ್ಬಿಣಕ್ಕೆ ಉಂಗುರ ತಾಗಿದಷ್ಟೇ ಸಣ್ಣಗೆ, ಎರಡು ಸಲ.

"ಅಕ್ಕಾವ್ರೇ, ಮಿಷನ್ ಏನೋ ಸದ್ದು ಮಾಡ್ತು. ಎರಡು ಸಲ."

"ಹೂಂ."

"ಇಷ್ಟು ವರ್ಷದಲ್ಲಿ ಯಾವತ್ತೂ ಕೇಳಿರ್ಲಿಲ್ಲ. ಕೆಟ್ಟುಹೋಯ್ತಾ?"

"ಇಲ್ಲ. ಏನೂ ಕೆಟ್ಟಿಲ್ಲ."

ಕಪ್ಪು ಪರದೆಯ ಮೇಲೆ ಹೊಸದು ಎದ್ದಿತು. ಅಂಕಿ ಬಂತು, ಕಡಲು ನಿನ್ನೆಗಿಂತ ಒಂದು ಗೇಣು ಮೇಲಿತ್ತು.

"ಮತ್ತೇನಾದ್ರೂ ಹೇಳೋದಿತ್ತಾ ಅಕ್ಕಾವ್ರೇ?" ಎಂದು ಕೇಳಿದ ದೋಣಿಯವನು.

"ಇಲ್ಲಪ್ಪ. ನೀನು ಫೋನ್ ಇಡು," ಎಂದಳು ಬಾಣದಕ್ಕ. "ಲೈನ್ ಖಾಲಿ ಇರ್ಲಿ."

ಅವನು ಇಟ್ಟ. ಅವಳೂ ಇಟ್ಟಳು. ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ರಿಸೀವರನ್ನು ಇನ್ನೊಮ್ಮೆ ಎತ್ತಿ ಇಟ್ಟಳು. ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲೆ, ಫೋನಿನ ಪಕ್ಕದಲ್ಲೇ ಇಟ್ಟುಕೊಂಡು ಕೂತಳು.